ಎರಡೇ ತಿಂಗಳಿಗೆ ಎಸಿ ಗ್ಯಾಸ್ ಖಾಲಿ: ಹಳೇ ಕಾರಿಗೆ ಕಂಪ್ರೆಸರ್ ಬದಲಿಸಲೇಬೇಕಾ?

2008ರ ಕಾರು, ಮಾರ್ಚ್‌ನಲ್ಲಿ ಗ್ಯಾಸ್ ತುಂಬಿಸಿದ್ದೀರಿ, ಮೇ ಬರುವಷ್ಟರಲ್ಲಿ ಮತ್ತೆ ಬಿಸಿ ಗಾಳಿ. ಈಗ ಮೆಕ್ಯಾನಿಕ್, ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ಹೋಗಿದೆ, ಹೊಸದು ಹಾಕಿಸಿ ಅಂತಿದ್ದಾರೆ, ಹಾಕಿಸಲಾ ಎಂದು ಕೇಳಿದ್ದೀರಿ.

ದಯವಿಟ್ಟು ಈಗಲೇ ಹಾಕಿಸಬೇಡಿ. ನಾನು ರಾಯಚೂರಿನವನು, ನನ್ನ ಕಾರೂ ಹೆಚ್ಚುಕಡಿಮೆ ನಿಮ್ಮ ಕಾರಿನ ವಯಸ್ಸಿನದೇ. ಸತತ ಮೂರು ಬೇಸಿಗೆ ಗ್ಯಾಸ್ ತುಂಬಿಸಿದೆ. ಮೂರೂ ಸಲ, ಮಧ್ಯಾಹ್ನದ ಬಿಸಿಲಲ್ಲಿ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೇ ಅದು ಕೈಕೊಟ್ಟಿತು. ಆಮೇಲೆ ಅರ್ಥವಾಗಿದ್ದು ಇಷ್ಟು: ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಓಡಿಸಿದಷ್ಟೂ ಖರ್ಚಾಗುವುದಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಪೈಪು, ಸೀಲುಗಳಿಂದ ವರ್ಷಗಟ್ಟಲೆ ಚೂರುಚೂರೇ ಜಿನುಗುವುದು ಸಹಜ. ಎರಡೇ ತಿಂಗಳಲ್ಲಿ ಖಾಲಿಯಾದರೆ ಎಲ್ಲೋ ಲೀಕ್ ಇದೆ ಅಂತಲೇ.

ಆದರೆ ನಿಜವಾಗಿ ಗ್ಯಾಸೇ ಹೋಗಿದೆಯಾ, ಅದನ್ನು ಮೊದಲು ನೋಡಿಕೊಳ್ಳಿ. ಎಂಜಿನ್ ಚಾಲೂ ಇಟ್ಟು ಬಾನೆಟ್ ತೆಗೆದು, ಒಬ್ಬರಿಗೆ ಎಸಿ ಹಾಕಲು ಹೇಳಿ. ಬೆಲ್ಟು, ಫ್ಯಾನಿನ ಹತ್ತಿರ ಕೈ, ಬಟ್ಟೆ ಹೋಗದಂತೆ ಜೋಪಾನ. ‘ಟಕ್’ ಎಂದು ಸದ್ದಾಗಿ ಕಂಪ್ರೆಸರಿನ ಮುಂದಿರುವ ಕ್ಲಚ್ ತಟ್ಟೆ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ಅಥವಾ ರಿಲೇ ಹೋಗಿರಬಹುದು, ಇಲ್ಲವೇ ಗ್ಯಾಸ್ ತೀರಾ ಇಳಿದು ಪ್ರೆಷರ್ ಸ್ವಿಚ್ಚೇ ಅದನ್ನು ತಡೆದಿರಬಹುದು. ಕೆಲವೇ ಸೆಕೆಂಡಿಗೊಮ್ಮೆ ಹತ್ತಿ ಬಿಡುತ್ತಿದ್ದರೆ ಬಹುಮಟ್ಟಿಗೆ ಗ್ಯಾಸ್ ಕಡಿಮೆ. ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಅಂತಾದರೆ ಕಂಡೆನ್ಸರಿನ (ಕಾರಿನ ಮುಂಭಾಗದಲ್ಲಿ ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಫ್ಯಾನ್ ನೋಡಿ. ಮೊದಲು ತಣ್ಣಗಿದ್ದು ಅರ್ಧ ಗಂಟೆಯಲ್ಲಿ ಗಾಳಿಯೇ ಕಮ್ಮಿಯಾಗಿ, ಸ್ವಲ್ಪ ಹೊತ್ತು ಆಫ್ ಮಾಡಿದ ಮೇಲೆ ಸರಿಹೋದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟುತ್ತಿದೆ. ಅದು ಸಾಮಾನ್ಯವಾಗಿ ಸೆನ್ಸರಿನ ತೊಂದರೆ.

ಲೀಕ್ ಹುಡುಕುವುದೇ ಮುಖ್ಯ ಕೆಲಸ, ತಾಳ್ಮೆ ಬೇಕಾಗುವುದೂ ಅಲ್ಲೇ. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುತ್ತದೆ. ಹಾಗಾಗಿ ಲೀಕ್ ಇರುವ ಕಡೆ ಜಿಡ್ಡು ಒಸರಿ ಧೂಳು ಮೆತ್ತಿಕೊಂಡಿರುತ್ತದೆ. ನನ್ನ ಕಾರಿನಲ್ಲಿ ಕಂಡೆನ್ಸರಿಗೆ ಪೈಪು ಸೇರುವ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಕಪ್ಪು ಜಿಡ್ಡಿತ್ತು. ಮೂರು ವರ್ಷ ಯಾರೂ ಬಗ್ಗಿ ನೋಡಿರಲಿಲ್ಲ. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ನೈಟ್ರೋಜನ್ ತುಂಬಿ, ಸೋಪಿನ ನೊರೆ ಹಚ್ಚಿ ಗುಳ್ಳೆ ತೋರಿಸಿದರು. ಒಣಗಿ ಸೀಳಿದ್ದ ಒಂದು ಓ-ರಿಂಗ್ (ಪೈಪಿನ ಜೋಡಣೆಯ ರಬ್ಬರ್ ಬಳೆ), ಅಷ್ಟೇ! ಬಾನೆಟ್ಟಿನೊಳಗೆ ಎಲ್ಲೂ ಸಿಗದಿದ್ದರೆ ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್ ಮೇಲೆ ಅನುಮಾನ ಪಡಬೇಕು. ಅದನ್ನು ಬಿಚ್ಚುವ ಕೂಲಿ ಜಾಸ್ತಿ.

ಕಂಪ್ರೆಸರ್ ನಿಜವಾಗಿ ಹೋಗಿದೆಯೆಂದು ಹೇಳುವವರು ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿ ತೋರಿಸಲಿ. ನಮ್ಮ ಕಾಲದ ಕಾರುಗಳ ಆರ್134ಎ ಗ್ಯಾಸಿಗೆ, ಬಿಸಿಲಲ್ಲಿ ಎಸಿ ಓಡುವಾಗ, ಲೋ ಸೈಡ್ (ಕಂಪ್ರೆಸರಿಗೆ ಗ್ಯಾಸ್ ಬರುವ ಕಡೆ) ಸುಮಾರು 30ರಿಂದ 50, ಹೈ ಸೈಡ್ (ಒತ್ತಿ ಹೊರಬಿಡುವ ಕಡೆ) 200ರಿಂದ 300 ಪಿಎಸ್‌ಐ (ಒತ್ತಡದ ಅಳತೆ) ಇರುತ್ತದೆ. ಗ್ಯಾಸ್ ಸರಿಯಾಗಿದ್ದು, ಕ್ಲಚ್ ತಿರುಗುತ್ತಿದ್ದರೂ ಎರಡು ಮುಳ್ಳುಗಳೂ ಹತ್ತಿರಹತ್ತಿರ ನಿಂತರೆ ಕಂಪ್ರೆಸರ್ ಒತ್ತುತ್ತಿಲ್ಲ ಎಂದರ್ಥ. ಎಣ್ಣೆಯಲ್ಲಿ ಲೋಹದ ಪುಡಿ ಕಂಡರಂತೂ ಒಪ್ಪಿಕೊಳ್ಳಿ. ಆಗ ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಸಾಲದು, ಪೈಪುಗಳನ್ನು ತೊಳೆಸಿ ಡ್ರೈಯರ್ (ತೇವ ಹೀರುವ ಡಬ್ಬಿ), ಎಕ್ಸ್‌ಪ್ಯಾನ್ಷನ್ ವಾಲ್ವ್ (ಕೂಲಿಂಗ್ ಕಾಯಿಲಿಗೆ ಗ್ಯಾಸ್ ಬಿಡುವ ಸಣ್ಣ ಬಾಯಿ) ಕೂಡ ಹೊಸದು ಹಾಕಿಸಬೇಕು. ಇಲ್ಲದಿದ್ದರೆ ಒಳಗುಳಿದ ಪುಡಿ ಹೊಸ ಕಂಪ್ರೆಸರನ್ನೂ ತಿನ್ನುತ್ತದೆ.

ಲೀಕ್ ಸರಿಮಾಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಹಾಕಿಸಿ, ಅಂದರೆ ಒಳಗಿನ ಗಾಳಿ, ತೇವವನ್ನು ಪಂಪಿನಿಂದ ಹೀರಿಸಿ. ಪಂಪ್ ನಿಲ್ಲಿಸಿ ಹತ್ತು ನಿಮಿಷ ಮುಳ್ಳು ಅಲ್ಲೇ ನಿಂತಿದೆಯಾ ನೋಡಿ, ಮೇಲೇರಿದರೆ ಇನ್ನೂ ಎಲ್ಲೋ ಬಾಕಿಯಿದೆ. ಒಳಗೆ ತೇವ ಉಳಿದರೆ ಅದು ವಾಲ್ವಿನ ಬಾಯಲ್ಲಿ ಹೆಪ್ಪುಗಟ್ಟುತ್ತದೆ. ಗ್ಯಾಸನ್ನು ತೂಕ ಮಾಡಿಯೇ ತುಂಬಿಸಿ. ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿರುತ್ತದೆ, ಜಾಸ್ತಿಯಾದರೂ ತಂಪು ಕೆಡುತ್ತದೆ.

ಮೊದಲು ಕ್ಲಚ್ ತಿರುಗುತ್ತದಾ, ಕಂಡೆನ್ಸರ್ ಫ್ಯಾನ್ ಓಡುತ್ತದಾ ನೋಡಿ ಇಲ್ಲೇ ಬರೆಯಿರಿ. ಗೇಜಿನ ಎರಡೂ ಅಂಕಿ ಸಿಕ್ಕರೆ ಅದನ್ನೂ ಹಾಕಿ, ಮುಂದೇನು ಮಾಡಬಹುದೆಂದು ಹೇಳುತ್ತೇನೆ.