ಕಾನೂನು ಕೇಳಿ: ಹೊಡೆಯುವ ಕೈಯಲ್ಲಿ ಕೋವಿ ಇದ್ದರೆ

ಪ್ರಶ್ನೆ: ನಮ್ಮದು ಕಾಫಿ ತೋಟ. ಬೆಳೆ ರಕ್ಷಣೆಗೆಂದು ಯಜಮಾನರ ಹೆಸರಿನಲ್ಲಿ ಜೋಡು ನಳಿಗೆ ಕೋವಿ ಇದೆ. ಕುಡಿದು ಬಂದರೆ ಹೊಡೆಯುತ್ತಾರೆ. ಈಚೆಗೆ ಗುಂಡು ತುಂಬಿದ ಕೋವಿ ತೊಡೆಯ ಮೇಲಿಟ್ಟುಕೊಂಡು ‘ಇವತ್ತು ಮುಗಿಸ್ತೀನಿ’ ಎಂದರು. ಠಾಣೆಯಲ್ಲಿ ‘ಲೈಸೆನ್ಸ್ ಇದೆಯಲ್ಲಮ್ಮ’ ಎಂದು ಕಳಿಸಿದರು. ಏನು ಮಾಡಲಿ?
— ಹೆಸರು ಬೇಡ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಲೈಸೆನ್ಸ್ ಕೊಟ್ಟವರಿಗೆ ಅದನ್ನು ಕಿತ್ತುಕೊಳ್ಳುವ ಅಧಿಕಾರವೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 17(3)ನೇ ಕಲಂ ಪ್ರಕಾರ, ಲೈಸೆನ್ಸುದಾರ ಯಾವುದೇ ಕಾರಣಕ್ಕೆ ಕೋವಿ ಇಟ್ಟುಕೊಳ್ಳಲು ಅನರ್ಹನೆಂದು ಕಂಡರೆ, ಅಥವಾ ಸಾರ್ವಜನಿಕ ಸುರಕ್ಷತೆಗೆ ಅಗತ್ಯವೆನಿಸಿದರೆ, ಲೈಸೆನ್ಸನ್ನು ಅಮಾನತು ಅಥವಾ ರದ್ದು ಮಾಡಬಹುದು. ಜಿಲ್ಲೆಗಳಲ್ಲಿ ಈ ಅಧಿಕಾರ ಜಿಲ್ಲಾ ದಂಡಾಧಿಕಾರಿಯಾದ ಡಿಸಿ ಅವರದು. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಅವರದು. ಠಾಣೆಗೆ ಕೊಟ್ಟ ದೂರು ತಾನಾಗಿ ಅಲ್ಲಿಗೆ ತಲುಪುತ್ತದೆಂದು ನಂಬಿ ಕೂರಬೇಡಿ. ಡಿಸಿ ಕಚೇರಿಗೆ ಪ್ರತ್ಯೇಕ ಅರ್ಜಿ ಕೊಡಿ, ಎಸ್‌ಪಿ ಅವರಿಗೂ ಒಂದು ಪ್ರತಿ ಕೊಡಿ, ಎರಡಕ್ಕೂ ಸ್ವೀಕೃತಿ ಪಡೆಯಿರಿ.

ಹೆಚ್ಚಿನ ಅರ್ಜಿಗಳು ಸೋಲುವುದು ಬರವಣಿಗೆಯಲ್ಲಿ. ‘ಗಂಡ ಕಿರುಕುಳ ಕೊಡುತ್ತಾರೆ’ ಎಂದಷ್ಟೇ ಬರೆದರೆ ಅದು ಸಂಸಾರದ ಜಗಳವಾಗಿ ಫೈಲು ಸೇರುತ್ತದೆ. ಕ್ರಿಮಿನಲ್ ಕೇಸು ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ರದ್ದು ಮಾಡಿದ ಆದೇಶಗಳನ್ನು ಹೈಕೋರ್ಟುಗಳು ತಳ್ಳಿಹಾಕಿದ್ದೂ ಇದೆ. ಆದ್ದರಿಂದ ಕೋವಿಯ ಸಂಗತಿಯನ್ನೇ ಮುಂದಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ, ಗುಂಡು ತುಂಬಿತ್ತೇ, ಅವರು ಆಡಿದ ಮಾತೇನು, ಮಕ್ಕಳು ಎಲ್ಲಿದ್ದರು, ಕಾಡತೂಸು ಎಲ್ಲಿಡುತ್ತಾರೆ. ಲೈಸೆನ್ಸ್ ನಂಬರ್ ಗೊತ್ತಿದ್ದರೆ ಸೇರಿಸಿ, ಅದಕ್ಕಾಗಿ ಬೀರು ತಡಕಾಡಿ ಸಿಕ್ಕಿಬೀಳಬೇಡಿ. ಡಿಸಿ ಕಚೇರಿಯಲ್ಲಿ ದಾಖಲೆ ಇದ್ದೇ ಇರುತ್ತದೆ. ರದ್ದತಿಗೆ ನೋಟಿಸು, ವಿಚಾರಣೆ ಎಂದು ದಿನ ಹಿಡಿಯುತ್ತದೆ. ಆದ್ದರಿಂದ ‘ತಕ್ಷಣ ಅಮಾನತು ಮಾಡಿ, ಕೋವಿ ಮತ್ತು ಕಾಡತೂಸುಗಳನ್ನು ಠಾಣೆಯಲ್ಲಿ ಠೇವಣಿ ಮಾಡಿಸಿ’ ಎಂದೇ ಕೇಳಿ.

ಜೊತೆಗೆ ಎರಡನೆಯ ದಾರಿಯನ್ನೂ ಹಿಡಿಯಿರಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ (ನಿಮ್ಮ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ನಿಮ್ಮ ಅಫಿಡವಿಟ್ ಆಧರಿಸಿ, ಗಂಡನನ್ನು ಕರೆಸುವ ಮೊದಲೇ 23ನೇ ಕಲಂ ಅಡಿ ಮಧ್ಯಂತರ ಆದೇಶ ಕೊಡಬಹುದು. ಈ ಕಾಯ್ದೆಯ 2006ರ ನಿಯಮಗಳಲ್ಲಿ 10(1)(ಎಫ್) ಎಂಬುದಿದೆ: ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರು ಸಂರಕ್ಷಣಾಧಿಕಾರಿಗೆ ಲಿಖಿತವಾಗಿ ಸೂಚಿಸಬಹುದು. ವಕೀಲರಲ್ಲೂ ಅನೇಕರು ಇದನ್ನು ಕೇಳುವುದೇ ಇಲ್ಲ. ಕೇಳದಿದ್ದರೆ ‘ಹೊಡೆಯಬಾರದು’ ಎಂಬ ಆದೇಶ ಬರುತ್ತದೆ, ಕೋವಿ ಗೋಡೆಯ ಮೇಲೇ ಉಳಿಯುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಶಿಕ್ಷೆಯಾಗುವ ತನಕ ಕಾಯುವುದು ಬೇಡವೇ ಬೇಡ. ಕೋವಿ ಇಟ್ಟುಕೊಳ್ಳಬಾರದೆಂಬ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂನ ನಿಷೇಧ ತಾಗುವುದು ಹಿಂಸೆಯ ಅಪರಾಧಕ್ಕೆ ಜೈಲು ಶಿಕ್ಷೆಯಾದವರಿಗೆ, ಶಿಕ್ಷೆ ಮುಗಿದ ಮೇಲೆ 5 ವರ್ಷದವರೆಗೆ. ರಾಜಿಯಾದರೆ, ಬರೀ ದಂಡವಾದರೆ ಅದು ಅನ್ವಯಿಸುವುದಿಲ್ಲ. ಶಾಂತಿ ಕಾಪಾಡಲು ಬಾಂಡ್ ಬರೆದುಕೊಡುವಂತೆ ಆದೇಶವಾದರೆ ಮಾತ್ರ, ಬಾಂಡಿನ ಅವಧಿಯಷ್ಟು ಕಾಲ ಅದೇ ನಿಷೇಧ ಬರುತ್ತದೆ.

ಕೋವಿಯನ್ನು ನೀವೇ ಬಚ್ಚಿಡಬೇಡಿ. ಗುಂಡು ತುಂಬಿರಬಹುದು, ಅವರು ಹುಡುಕಿದಾಗ ಸಿಟ್ಟು ನಿಮ್ಮ ಮೇಲೇ ತಿರುಗುತ್ತದೆ. ಅರ್ಜಿ ಕೊಡುವ ವಿಷಯ ಮನೆಯಲ್ಲಿ ಬಾಯಿಬಿಡಬೇಡಿ. ಗಂಡನಿಗೆ ನೋಟಿಸು ಮುಟ್ಟುವ ದಿನಗಳೇ ಹೆಚ್ಚು ಅಪಾಯದವು. ಅಷ್ಟರಲ್ಲಿ ಮಕ್ಕಳೊಂದಿಗೆ ತವರಿಗೋ ಸಖಿ ಕೇಂದ್ರಕ್ಕೋ (ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ಸರ್ಕಾರದ ನೆರವು ಕೇಂದ್ರ) ಸೇರಿಕೊಳ್ಳಿ. ಕೋವಿ ಕೈಗೆತ್ತಿಕೊಂಡ ಗಳಿಗೆಯಲ್ಲಿ 112; ಸಲಹೆಗೆ, ಆಶ್ರಯಕ್ಕೆ 181.

ಪ್ರಶ್ನೆ: ನಾವು ಕೊಡಗಿನವರು. ನಮಗೆ ಲೈಸೆನ್ಸೇ ಬೇಕಿಲ್ಲ. ರದ್ದು ಮಾಡಿಸುವುದಾದರೂ ಏನನ್ನು?
— ಓದುಗರು, ಕೊಡಗು

ಉತ್ತರ: ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮ್ಮಾ ಭೂಮಿ ಹೊಂದಿದವರು) ಇರುವುದು ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಕಲಂಗಳಿಂದ, ಅಂದರೆ ಲೈಸೆನ್ಸಿನಿಂದ ವಿನಾಯಿತಿ. 2029ರವರೆಗೆ ಅದು ಮುಂದುವರಿದಿದೆ. ಆದರೆ ವಿನಾಯಿತಿ ಇಡೀ ಕಾಯ್ದೆಗಲ್ಲ. 22ನೇ ಕಲಂ ನೋಡಿ: ಒಬ್ಬರ ಬಳಿ ಆಯುಧ ಬಿಡುವುದು ಸಾರ್ವಜನಿಕ ಶಾಂತಿಗೆ, ಸುರಕ್ಷತೆಗೆ ಅಪಾಯವೆಂದು ಮ್ಯಾಜಿಸ್ಟ್ರೇಟರಿಗೆ ಅನಿಸಿದರೆ, ಕಾರಣ ಬರೆದಿಟ್ಟು, ಮನೆ ಶೋಧಿಸಿ, ಆಯುಧವನ್ನು ಅಗತ್ಯವಿರುವಷ್ಟು ಕಾಲ ವಶದಲ್ಲಿಡಬಹುದು; ಅದನ್ನು ಇಟ್ಟುಕೊಳ್ಳಲು ಕಾನೂನಿನ ಹಕ್ಕಿದ್ದರೂ ಸರಿಯೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿ ಮನೆತನದ್ದು ಎಂದು ಹಿರಿಯರು ತಡೆಯಬಹುದು. ಅದು ಮನೆತನದ್ದಾಗಿಯೇ ಉಳಿಯಲಿ, ಹೆಂಡತಿಯ ಎದೆಗೆ ಗುರಿ ಇಟ್ಟವನ ಕೈಗೆ ಸಿಗದಿದ್ದರಾಯಿತು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ದಾರಿ ನಿಮಗೂ ಹಾಗೆಯೇ ತೆರೆದಿದೆ.

ಪ್ರಶ್ನೆ: ಚುನಾವಣೆಗೆಂದು ಭಾವನ ಕೋವಿ ಠಾಣೆ ಸೇರಿದೆ. ಅಕ್ಕ ಈಗ ನಿಶ್ಚಿಂತೆಯಿಂದ ಇರಬಹುದೇ?
— ಓದುಗರು, ಪುತ್ತೂರು

ಉತ್ತರ: ಇಲ್ಲ. ಅದು ತಾತ್ಕಾಲಿಕ ಠೇವಣಿ, ಲೈಸೆನ್ಸ್ ಜೀವಂತವಾಗಿಯೇ ಇದೆ. ಚುನಾವಣೆ ಮುಗಿದ ಮೇಲೆ ಕೋವಿ ವಾಪಸ್ ಬರುತ್ತದೆ. ಆದರೆ ಅರ್ಜಿ ಕೊಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು, ಕೋವಿ ಈಗ ಅವರ ಕೈಯಲ್ಲಿಲ್ಲ. ಹಿಂದಿರುಗಿಸುವ ಮೊದಲೇ ಅಮಾನತು ಮಾಡಿ ಎಂದು ಅಕ್ಕ ಡಿಸಿ ಅವರಿಗೆ ಬರೆಯಲಿ, ಠಾಣೆಗೂ ಪ್ರತಿ ಕೊಡಲಿ. ಇನ್ನೊಂದು ಎಚ್ಚರ: ಠೇವಣಿ ಇಟ್ಟ ಕೋವಿಯನ್ನು ಲೈಸೆನ್ಸ್ ಇರುವ ಬೇರೆಯವರಿಗೆ ವರ್ಗಾಯಿಸಲು ಅವಕಾಶವಿದೆ. ಅದೇ ಮನೆಯಲ್ಲಿರುವ ಭಾವನ ತಮ್ಮನಿಗೆ ಹೋದರೆ ಕೋವಿ ಮತ್ತೆ ಅದೇ ಗೋಡೆಗೆ ಬರುತ್ತದೆ. ಒಂದೇ ಸೂರಿನಡಿ ಇರುವ ಯಾರಿಗೂ ಕೊಡಬಾರದೆಂಬ ಆಕ್ಷೇಪವನ್ನು ಅದೇ ಅರ್ಜಿಯಲ್ಲಿ ಸೇರಿಸಲಿ.