ಶನಿವಾರದ ಪಂದ್ಯ, ಮಧ್ಯರಾತ್ರಿಯ ಸ್ಲಾಟ್: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿಗೆ ಮೂವತ್ತೈದು ದಾಟಿದೆ. ಹಾಸನ ಕಡೆಯವರು. ಇಂಗ್ಲೆಂಡಿನ ಒಂದು ನಗರದಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿ ಮತ್ತು ಏಳು ವರ್ಷದ ಮಗ ಜೊತೆಗಿದ್ದಾರೆ. ಗುರುತು ಸಿಗದಿರಲೆಂದು ಊರು, ವಯಸ್ಸು, ಮೊತ್ತಗಳನ್ನು ಬದಲಿಸಿದೆ. ಹೆಂಡತಿಯ ಒತ್ತಾಯಕ್ಕೆ ಬಂದವರು ಮೊದಲು ಹೇಳಿದ್ದು ಇಷ್ಟು: "ನಾನೇನು ಜೂಜುಕೋರ ಅಲ್ಲ. ಫುಟ್‌ಬಾಲ್ ಗೊತ್ತು, ಅದಕ್ಕೇ ಬೆಟ್ ಕಟ್ತೀನಿ. ಕುಡಿಯೋದೂ ಶನಿವಾರ ಮಾತ್ರ."

ಮೂರು ಪರ್ಸನಲ್ ಲೋನ್ ಸೇರಿ 21,000 ಪೌಂಡ್ ಸಾಲ. ಬ್ರಿಟನ್ನಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ಬಾಜಿ ಕಟ್ಟುವುದಕ್ಕೆ 2020ರ ಏಪ್ರಿಲ್‌ನಿಂದ ನಿಷೇಧವಿದೆ. ಆದರೆ ಲೋನ್ ಹಣ ಖಾತೆಗೆ ಬಿದ್ದ ಮೇಲೆ ಅದು ಡೆಬಿಟ್ ಕಾರ್ಡಿನ ಹಣ. ಅದಕ್ಕೆ ಆ ತಡೆ ಇಲ್ಲ. ಜೂಜಿನ ತೀವ್ರತೆ ಅಳೆಯುವ ಪಿಜಿಎಸ್‌ಐ ಪ್ರಶ್ನಾವಳಿಯಲ್ಲಿ ಇವರಿಗೆ 27ಕ್ಕೆ 16 ಅಂಕ ಬಂತು. 8 ಮುಟ್ಟಿದರೇ ಸಮಸ್ಯೆ ಎಂದು ಲೆಕ್ಕ. ಕುಡಿತದ ತೀವ್ರತೆ ಅಳೆಯುವ 'ಆಡಿಟ್' ಎಂಬ ಪ್ರಶ್ನಾವಳಿಯಲ್ಲಿ 40ಕ್ಕೆ 18. ಎರಡನ್ನೂ ಒಂದೇ ದಿನ ಕೇಳಬೇಕು. ಜೂಜಿಗೆಂದು ಬಂದವರ ಕುಡಿತವನ್ನು ವಿಚಾರಿಸದೆ ಬಿಟ್ಟರೆ ಅರ್ಧ ಕಾಯಿಲೆ ಕೋಣೆಯ ಹೊರಗೇ ಉಳಿಯುತ್ತದೆ.

ಎರಡನೆಯ ಭೇಟಿಗೆ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುದ್ರಿಸಿ ತರಲು ಹೇಳಲಾಯಿತು. ಎರಡು ಹೈಲೈಟರ್: ಪಬ್ಬಿಗೆ ಹಳದಿ, ಬೆಟ್ಟಿಂಗ್‌ಗೆ ಗುಲಾಬಿ. ಬಣ್ಣ ಹಚ್ಚಬೇಕಾದವರು ಸಲಹಾರ್ಥಿಯೇ. ಒಂದು ಶನಿವಾರದ ಸಾಲುಗಳು ಹೀಗಿದ್ದವು. ಮಧ್ಯಾಹ್ನ 12:20ಕ್ಕೆ ಪಬ್. 12:41ಕ್ಕೆ ಬೆಟ್ಟಿಂಗ್ ಆ್ಯಪ್‌ಗೆ 10 ಪೌಂಡ್. 2:50ಕ್ಕೆ 20. ಮತ್ತೆರಡು ಸಲ ಪಬ್. 5:34ಕ್ಕೆ 20, 7:40ಕ್ಕೆ 50. ನಡುವೆ ನಾಲ್ಕು ಗಂಟೆ ಏನೂ ಇಲ್ಲ. ರಾತ್ರಿ 11:52ಕ್ಕೆ 100, 12:20ಕ್ಕೆ 100, 12:41ಕ್ಕೆ 150.

ಅಂದರೆ ಫುಟ್‌ಬಾಲಿಗೆ ಹೋದದ್ದು 100 ಪೌಂಡ್. ಉಳಿದ 350 ಹೋದದ್ದು ಅದೇ ಆ್ಯಪ್‌ನೊಳಗಿನ ಸ್ಲಾಟ್ ಆಟಕ್ಕೆ, ಅಂದರೆ ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಬರೀ ಅದೃಷ್ಟದ ಜೂಜಿಗೆ. ಅಲ್ಲಿ ಆರ್ಸೆನಲ್ಲೂ ಇಲ್ಲ, ಆಫ್‌ಸೈಡೂ ಇಲ್ಲ, ಇವರಿಗೆ ಗೊತ್ತಿರುವ ಯಾವ ವಿದ್ಯೆಯೂ ಕೆಲಸಕ್ಕೆ ಬರುವುದಿಲ್ಲ. ಆನ್‌ಲೈನ್ ಸ್ಲಾಟ್‌ನಲ್ಲಿ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡ್ ಇರಬೇಕೆಂಬುದು ಅಲ್ಲಿನ ನಿಯಮ. 25 ತುಂಬಿದವರಿಗೆ 2025ರ ಏಪ್ರಿಲ್‌ನಿಂದ ಸುತ್ತಿಗೆ ಗರಿಷ್ಠ 5 ಪೌಂಡ್. ಆ ಮಿತಿಯೊಳಗೇ ಆಡಿದರೂ ನಿಮಿಷಕ್ಕೆ 24 ಸುತ್ತು, 120 ಪೌಂಡಿನ ಪಣ. ಸಾಲುಗಳಿಗೆ ಬಣ್ಣ ಹಚ್ಚಿ ಮುಗಿಸಿದ ಸಲಹಾರ್ಥಿ ಬಹಳ ಹೊತ್ತು ಮಾತಾಡಲಿಲ್ಲ. ಯಾರೂ ಬಾಯಿಬಿಟ್ಟು ಹೇಳದೆಯೇ "ಫುಟ್‌ಬಾಲ್ ಗೊತ್ತು" ಎಂಬ ವಾದ ಅಲ್ಲಿಗೆ ನಿಂತಿತು.

ಫುಟ್‌ಬಾಲ್ ಬೆಟ್‌ನ ಲೆಕ್ಕವನ್ನೂ ಬಿಡಿಸಿ ತೋರಿಸಬೇಕಾಗುತ್ತದೆ. ಇವರ ಮೆಚ್ಚಿನದು ಅಕ್ಯುಮುಲೇಟರ್, ಅಂದರೆ ಐದು ಪಂದ್ಯಗಳ ಫಲಿತಾಂಶವೂ ಸರಿಯಾದರೆ ಮಾತ್ರ ಹಣ. ಪ್ರತಿ ಪಂದ್ಯದಲ್ಲಿ ಕಂಪನಿ ನೂರಕ್ಕೆ ಐದು ಇಟ್ಟುಕೊಳ್ಳುತ್ತದೆ ಎಂದುಕೊಂಡರೂ ಐದು ಸಲ ಗುಣಿಸಿದಾಗ 100 ಪೌಂಡಿಗೆ ಸರಾಸರಿ ವಾಪಸ್ ಬರುವುದು 77. ನಾಲ್ಕು ಸರಿಯಾಗಿ ಐದನೆಯದು ತಪ್ಪಿದಾಗ ಮನಸ್ಸು ಅದನ್ನು ಸೋಲು ಎಂದು ದಾಖಲಿಸುವುದಿಲ್ಲ, "ಸ್ವಲ್ಪದರಲ್ಲಿ ತಪ್ಪಿತು" ಎಂದು ದಾಖಲಿಸುತ್ತದೆ. ಮುಂದಿನ ಶನಿವಾರಕ್ಕೆ ಕರೆದೊಯ್ಯುವುದು ಅದೇ.

ಇನ್ನು ಕುಡಿತ. 4.5% ಬಿಯರಿನ ಒಂದು ಪೈಂಟ್, 568 ಮಿ.ಲೀ., ಎಂದರೆ ಸುಮಾರು 2.6 ಯೂನಿಟ್ (ಒಂದು ಯೂನಿಟ್ ಎಂದರೆ 10 ಮಿ.ಲೀ. ಶುದ್ಧ ಮದ್ಯಸಾರ). ಆರು ಪೈಂಟ್‌ಗೆ 15 ದಾಟುತ್ತದೆ. ವಾರಕ್ಕೆ 14 ಯೂನಿಟ್ ಮೀರಬಾರದು, ಅದನ್ನೂ ಮೂರು ಅಥವಾ ಹೆಚ್ಚು ದಿನಗಳಿಗೆ ಹಂಚಿಕೊಳ್ಳಬೇಕು ಎಂಬುದು ಬ್ರಿಟನ್ನಿನ ವೈದ್ಯರ ಸಲಹೆ. ಇವರು ವಾರದ ಪಾಲನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದರು. ಸ್ಟೇಟ್‌ಮೆಂಟಿನಲ್ಲಿ ಹಳದಿ ಇಲ್ಲದ ಶನಿವಾರಗಳಲ್ಲಿ ಗುಲಾಬಿ 10, 20ರಲ್ಲೇ ನಿಂತಿತ್ತು. ಆದ್ದರಿಂದ ಮೊದಲು ಹತೋಟಿಗೆ ತರಬೇಕಾದದ್ದು ಗ್ಲಾಸನ್ನು ಎಂದು ತೀರ್ಮಾನವಾಯಿತು.

ಆದರೆ "ನಾಳೆಯಿಂದಲೇ ಬಿಡಿ" ಎನ್ನುವ ಮುಂಚೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಬೆಳಿಗ್ಗೆ ಕೈ ನಡುಗುತ್ತದೆಯೆ? ಬೆವರುತ್ತದೆಯೆ? ನಡುಕ ನಿಲ್ಲಿಸಲು ಕುಡಿಯುವುದುಂಟೆ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೆ? ಒಂದಕ್ಕೆ ಹೌದು ಎಂದರೂ ಥಟ್ಟನೆ ನಿಲ್ಲಿಸುವಂತಿಲ್ಲ. ಮೊದಲ ಎರಡು ದಿನದಲ್ಲಿ ಫಿಟ್ಸ್, ನಂತರ ಸನ್ನಿ ಬಂದು ಪ್ರಾಣಕ್ಕೆ ಕುತ್ತಾಗಬಹುದು. ಅಂಥವರು ವೈದ್ಯರ ಕೈಕೆಳಗೇ ಬಿಡಬೇಕು. ಇವರಿಗೆ ಇದಾವುದೂ ಇರಲಿಲ್ಲ. ಸಾಯುವ ಯೋಚನೆ ಬಂದಿದೆಯೇ ಎಂದೂ ನೇರವಾಗಿ, ಅದೇ ಪದ ಬಳಸಿ ಕೇಳಲಾಯಿತು. ಸಾಲ ಹೊತ್ತ ಜೂಜಿನ ಪ್ರಕರಣದಲ್ಲಿ ಈ ಪ್ರಶ್ನೆ ಬಿಡುವ ಹಕ್ಕು ಸಲಹೆಗಾರರಿಗಿಲ್ಲ. ಎರಡು ಸಲ ಬಂದಿತ್ತು ಎಂದರು. ಸಮಾರಿಟನ್ಸ್ ಸಹಾಯವಾಣಿಯ 116 123 ಸಂಖ್ಯೆಯನ್ನು ಅಲ್ಲೇ ಫೋನಿನಲ್ಲಿ ಸೇರಿಸಿಕೊಂಡರು. ಆ ವಾರಗಳಲ್ಲಿ ರಾತ್ರಿ ಒಬ್ಬರೇ ಇರದಂತೆ ಹೆಂಡತಿಯೊಡನೆ ಮಾತಾಯಿತು. ಊರಿನಲ್ಲಿ ಇದೇ ಸ್ಥಿತಿಯಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿ, 14416.

ಈ ಮನುಷ್ಯನ ಸುತ್ತ ಏನಿತ್ತು ಎಂಬುದನ್ನೂ ನೋಡಬೇಕು. ಪಂದ್ಯ ಶುರುವಾಗುವ ಐದು ನಿಮಿಷ ಮುಂಚಿನಿಂದ ಮುಗಿದ ಐದು ನಿಮಿಷದವರೆಗೆ, ರಾತ್ರಿ 9ರೊಳಗೆ, ಟಿವಿಯಲ್ಲಿ ಬೆಟ್ಟಿಂಗ್ ಜಾಹೀರಾತು ಹಾಕುವುದಿಲ್ಲ ಎಂದು ಕಂಪನಿಗಳೇ ಒಪ್ಪಿಕೊಂಡಿವೆ; ಅದು ಜಾರಿಗೆ ಬಂದದ್ದು 2019ರಲ್ಲಿ. ಆದರೆ ಆಟಗಾರನ ಅಂಗಿ, ಮೈದಾನದ ಅಂಚಿನ ಎಲ್‌ಇಡಿ ಫಲಕ ಆ ಒಪ್ಪಂದದಲ್ಲಿಲ್ಲ. 2024-25ರಲ್ಲಿ ಪ್ರೀಮಿಯರ್ ಲೀಗಿನ 20 ಕ್ಲಬ್‌ಗಳಲ್ಲಿ 11ರ ಎದೆಯ ಮೇಲೆ ಬೆಟ್ಟಿಂಗ್ ಹೆಸರಿತ್ತು. 2025-26ರ ಕೊನೆಗೆ ಅದನ್ನು ಎದೆಯಿಂದ ತೆಗೆಯುವುದಾಗಿ ಕ್ಲಬ್‌ಗಳು 2023ರಲ್ಲಿ ಒಪ್ಪಿದವು. ತೋಳು ಮತ್ತು ಫಲಕ ಹಾಗೇ ಉಳಿದವು. ಮದ್ಯದ ನಂಟು ಇನ್ನೂ ಹಳೆಯದು. ಲಿವರ್‌ಪೂಲ್ 1992ರಿಂದ 2010ರವರೆಗೆ ಕಾರ್ಲ್ಸ್‌ಬರ್ಗ್ ಬಿಯರಿನ ಹೆಸರು ಹೊತ್ತು ಆಡಿತು. ಪಿಚ್ ಕಾಣುವ ಜಾಗದಲ್ಲಿ ಪ್ರೇಕ್ಷಕ ಕುಡಿಯಬಾರದೆಂದು 1985ರ ಕಾನೂನು ಹೇಳುತ್ತದೆ, ಪಿಚ್ಚಿನ ಅಂಚಿನಲ್ಲೇ ಬಿಯರಿನ ಹೆಸರು ಮಿನುಗುತ್ತದೆ. ಫ್ರಾನ್ಸ್ 1991ರ ಎವಾಂ ಕಾನೂನಿನಿಂದ ಮದ್ಯದ ಕ್ರೀಡಾ ಪ್ರಾಯೋಜಕತ್ವವನ್ನೇ ನಿಲ್ಲಿಸಿತು. ಮನಸ್ಸಿದ್ದರೆ ಮಾಡಬಹುದಾದ ಕೆಲಸ ಇದು. ಈ ಮನೆಯಲ್ಲಿ ಮಗನ ಅಂಗಿಯ ಎದೆ ಖಾಲಿ, ಏಕೆಂದರೆ ಮಕ್ಕಳ ಅಂಗಿಯಲ್ಲಿ ಜೂಜಿನ ಹೆಸರು ಹಾಕುವಂತಿಲ್ಲ. ಅಪ್ಪನ ಅಂಗಿಯಲ್ಲಿ ಆ ಹೆಸರಿದೆ. "ನಂದರಲ್ಲಿ ಯಾಕಿಲ್ಲ?" ಎಂದು ಮಗ ಕೇಳಿದ್ದನಂತೆ.

ಇಂಥ ಕಡೆ ಬರೀ "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎನ್ನುವುದು ಸಲಹೆಯಲ್ಲ. ಮೊದಲು ಬೀಗ ಹಾಕಬೇಕು, ಅದೂ ಒಂದೇ ಕೂತಿನಲ್ಲಿ. ಒಂದು ಹಾಕಿ ಇನ್ನೊಂದು ನಾಳೆಗೆ ಬಿಟ್ಟರೆ ಆ ರಾತ್ರಿಯೇ ಸಂದು ಸಿಗುತ್ತದೆ.

ಮೊದಲನೆಯದು ಗ್ಯಾಮ್‌ಸ್ಟಾಪ್, ಅಂದರೆ ನನ್ನನ್ನು ಆಡಲು ಬಿಡಬೇಡಿ ಎಂದು ತಾವೇ ಹೆಸರು ಬರೆಸುವ ಪಟ್ಟಿ. ಉಚಿತ. ಬ್ರಿಟನ್ನಿನ ಪರವಾನಗಿ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ಅದಕ್ಕೆ ಬದ್ಧ. ಆರು ತಿಂಗಳು, ಒಂದು ವರ್ಷ, ಐದು ವರ್ಷ ಎಂಬ ಆಯ್ಕೆಗಳಲ್ಲಿ ಐದನ್ನೇ ಆರಿಸಲು ಹೇಳಲಾಯಿತು. ಹಳೆಯ ಇಮೇಲ್, ಹಳೆಯ ವಿಳಾಸ, ಹಳೆಯ ಫೋನ್ ನಂಬರ್ ಎಲ್ಲವನ್ನೂ ಸೇರಿಸಬೇಕು. ನಮ್ಮವರ ಹೆಸರಿನ ಇನಿಶಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಇರುವುದುಂಟು. ವಿವರ ಹೊಂದದಿದ್ದರೆ ಖಾತೆ ತಪ್ಪಿಸಿಕೊಳ್ಳುತ್ತದೆ. ಎರಡನೆಯದು ಬ್ಯಾಂಕ್ ಆ್ಯಪ್‌ನ ಜೂಜು ತಡೆ, ಎಲ್ಲ ಖಾತೆಗಳಿಗೂ. ಅದು ಜೂಜಿನ ವ್ಯಾಪಾರಿ ಸಂಕೇತ 7995 ನೋಡಿ ಪಾವತಿ ನಿಲ್ಲಿಸುತ್ತದೆ. ಹಾಗಾಗಿ ಇ-ವಾಲೆಟ್ ಅಥವಾ ಕ್ರಿಪ್ಟೊ ಮೂಲಕ ಹೋದ ಹಣ ಅದಕ್ಕೆ ಕಾಣುವುದಿಲ್ಲ. ಆ ಖಾತೆಗಳನ್ನು ಮುಚ್ಚಿಯೇಬಿಡಬೇಕು. ಮೂರನೆಯದು ಗ್ಯಾಮ್‌ಬ್ಯಾನ್‌ನಂಥ ತಡೆ ತಂತ್ರಾಂಶ, ಮನೆಯ ಪ್ರತಿ ಫೋನು, ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗೂ. ನಾಲ್ಕನೆಯದು ಸಂಬಳ ಹೆಂಡತಿಯ ಖಾತೆಗೆ. ಇವರ ಕಾರ್ಡಿಗೆ ವಾರಕ್ಕೆ 60 ಪೌಂಡ್.

ಸಾಲಕ್ಕೆ ನೋಂದಾಯಿತ ಸಾಲ ಸಲಹೆಗಾರರ ಮೂಲಕ ಬ್ರೀದಿಂಗ್ ಸ್ಪೇಸ್‌ಗೆ, ಅಂದರೆ ಸಾಲಗಾರರಿಗೆ ಬಿಡುವು ಕೊಡುವ ಸರ್ಕಾರಿ ಯೋಜನೆಗೆ, ಅರ್ಜಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ 60 ದಿನ ಬಡ್ಡಿಯ ಬಹುಪಾಲು ಮತ್ತು ವಸೂಲಿ ನಿಲ್ಲುತ್ತದೆ. ವೀಸಾಕ್ಕೆ ತೊಂದರೆಯಾದೀತೆಂದು ಇವರು ವೈದ್ಯರ ಹತ್ತಿರ ಹೋಗಿರಲಿಲ್ಲ. ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಚಿಕಿತ್ಸೆ, ವೀಸಾದಲ್ಲಿರುವವರು ಪಡೆಯಬಾರದ 'ಸಾರ್ವಜನಿಕ ನಿಧಿ'ಯ ಪಟ್ಟಿಯಲ್ಲಿಲ್ಲ; ವೀಸಾ ಜೊತೆ ಕಟ್ಟಿದ ಆರೋಗ್ಯ ಶುಲ್ಕ ಇದಕ್ಕೇ ಇರುವುದು. ಎನ್‌ಎಚ್‌ಎಸ್‌ನ ಜೂಜು ಚಿಕಿತ್ಸಾಲಯಕ್ಕೆ ಇವರೇ ನೇರವಾಗಿ ಬರೆದುಕೊಂಡರು. ರಾತ್ರಿ ಒತ್ತಡ ಬಂದರೆ ಜೂಜಿನ ಸಹಾಯವಾಣಿ 0808 8020 133, ದಿನದ 24 ಗಂಟೆಯೂ ಉಚಿತ.

ಫುಟ್‌ಬಾಲ್ ಬಿಡಿ ಎಂದು ಹೇಳಲಿಲ್ಲ. ಇಂಗ್ಲೆಂಡಿನಲ್ಲಿ ಇವರ ಗೆಳೆತನವೆಲ್ಲ ಅದರಿಂದ ಹುಟ್ಟಿದ್ದು. ಅದನ್ನೂ ಕಿತ್ತುಕೊಂಡರೆ ಉಳಿಯುವುದು ಒಂಟಿತನ ಮತ್ತು ಫೋನು. ಬದಲಿಗೆ ಎಂಟು ವಾರಕ್ಕೆ ಒಂದು ಕ್ರಮ. ಪಂದ್ಯ ಪಬ್ಬಿನಲ್ಲಿ ಬೇಡ, ಮನೆಯಲ್ಲಿ. ವಾರಕ್ಕೆ ಒಂದೇ. ಫೋನು ಬೇರೆ ಕೋಣೆಯಲ್ಲಿ. ಪಂದ್ಯದ ದಿನ ಮದ್ಯವಿಲ್ಲ. ಮದ್ಯಸಾರವಿಲ್ಲದ 0.0 ಬಿಯರ್ ಆಗಬಹುದೇ ಎಂದು ಕೇಳಿದರು. ಬಾಟಲಿ, ಲೋಗೊ, ರುಚಿ ಎಲ್ಲ ಅದೇ ಇರುವುದರಿಂದ ಕೆಲವರಿಗೆ ಅದೇ ಕಿಡಿಯಾಗುತ್ತದೆ. ಮೊದಲ ಎಂಟು ವಾರ ಬೇಡ ಎಂದಾಯಿತು. ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನ ಬೆಟ್ ಸ್ಲಿಪ್ ಚಿತ್ರಗಳಿಂದ ದೂರವಿರಲು ಗುಂಪನ್ನು ಮ್ಯೂಟ್ ಮಾಡುವುದು ಸಾಲದು, ಹೊರಬರಬೇಕು.

ಒಂಬತ್ತನೆಯ ವಾರ ಮರುಕಳಿಸಿತು. ಹೊಸ ಫೋನ್ ಕೊಂಡಿದ್ದರು, ಅದರಲ್ಲಿ ತಡೆ ತಂತ್ರಾಂಶ ಹಾಕಿರಲಿಲ್ಲ. ಪಂದ್ಯದ ಫಲಕದಲ್ಲಿ ಕಂಡ ಹೆಸರನ್ನು ಹುಡುಕುತ್ತಾ ಹೋಗಿ, ಬ್ರಿಟನ್ನಿನ ಪರವಾನಗಿಯೇ ಇಲ್ಲದ ಸೈಟೊಂದಕ್ಕೆ ಇ-ವಾಲೆಟ್ ಮೂಲಕ 180 ಪೌಂಡ್ ಹಾಕಿದರು. ಗ್ಯಾಮ್‌ಸ್ಟಾಪ್ ಅಂಥ ಸೈಟನ್ನು ತಡೆಯುವುದಿಲ್ಲ. ಮರುದಿನ ಬೆಳಿಗ್ಗೆ ಹೆಂಡತಿಗೆ ತಾವೇ ಹೇಳಿದರು. ಹಿಂದೆಂದೂ ಹಾಗೆ ಹೇಳಿರಲಿಲ್ಲ. ಅದೇ ದಿನ ಹೊಸ ಫೋನಿಗೆ ತಂತ್ರಾಂಶ ಹಾಕಿ, ವಾಲೆಟ್ ಮುಚ್ಚಿ, ರೂಟರಿನಲ್ಲೂ ಜೂಜಿನ ಸೈಟುಗಳಿಗೆ ತಡೆ ಹಾಕಲಾಯಿತು.

ವಿಷಯ ತಿಳಿದ ಹಾಸನದ ತಂದೆ ನಿವೇಶನ ಮಾರಿ ಸಾಲ ತೀರಿಸುತ್ತೇನೆ ಎಂದರು. ಬೇಡ ಎಂದು ಅವರಿಗೆ ಫೋನಿನಲ್ಲಿ ಕನ್ನಡದಲ್ಲೇ ವಿವರಿಸಲಾಯಿತು. ಒಂದೇ ಸಲಕ್ಕೆ ಸಾಲ ತೀರಿದರೆ ಲೋನ್ ಕೊಡುವವರ ಕಣ್ಣಿಗೆ ಮಗ ಮತ್ತೆ ಒಳ್ಳೆಯ ಗಿರಾಕಿ. ಹೊಸ ಸಾಲ ಹಳೆಯದಕ್ಕಿಂತ ಸುಲಭವಾಗಿ ಸಿಗುತ್ತದೆ. ಸಹಾಯ ಮಾಡಲೇಬೇಕೆಂದರೆ ಬಾಡಿಗೆಯನ್ನು ನೇರ ಮನೆ ಮಾಲೀಕರಿಗೆ, ಮಗುವಿನ ಶಾಲೆಯ ಊಟದ ಹಣವನ್ನು ನೇರ ಶಾಲೆಗೆ ಕಳಿಸಬಹುದು. ಮಗನ ಖಾತೆಗೆ ಒಂದು ರೂಪಾಯಿಯೂ ಬೇಡ. ಪ್ರತಿ ಭಾನುವಾರ ಫೋನ್ ಮಾಡಿದಾಗ "ಎಷ್ಟು ತೀರಿತು?" ಎಂದು ಕೇಳದೆ "ನಿನ್ನೆ ಸಂಜೆ ಹೇಗಿತ್ತು?" ಎಂದು ಕೇಳಲು ತಂದೆ ಒಪ್ಪಿದ್ದಾರೆ. ಸಾಲ ಈಗ ತಿಂಗಳಿಗೆ 350 ಪೌಂಡಿನಂತೆ ಐದು ವರ್ಷದ ಕಂತಿನಲ್ಲಿದೆ, ಕಂತು ಹೆಂಡತಿಯ ಖಾತೆಯಿಂದ ಹೋಗುತ್ತದೆ.