ಗಾಳಿಮಾತಲ್ಲ: ದೀಪ ಆರಿಸಿಕೊಡಿ ಎಂದವರಿಗೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ದೀಪದ ಬಗ್ಗೆ, ಟೈರಿನಲ್ಲಿ ಗಾಳಿ ಕಡಿಮೆಯಾದರೆ ಡ್ರೈವರ್ ಮುಂದೆ ಹತ್ತುವ ದೀಪ. ಅವನ್ನೇ ಮೊದಲು ತೆಗೆದುಕೊಂಡಿದ್ದೇನೆ. ಮೈಲೇಜಿನ ಬಗ್ಗೆ ಬರೆದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಹೋದ ವರ್ಷ ಎರಡು ಸೀಟಿನ ಜರ್ಮನ್ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, 2014ರ ಮಾಡೆಲ್. ಗಾಡಿ ಸ್ಟಾರ್ಟ್ ಮಾಡಿದರೆ ಟೈರ್ ಪ್ರೆಶರ್ ದೀಪ ಒಂದು ನಿಮಿಷ ಮಿನುಗುತ್ತದೆ, ಆಮೇಲೆ ಹಾಗೇ ಉರಿಯುತ್ತಿರುತ್ತದೆ. ಗಾಳಿ ನೋಡಿಸಿದೆ, ಸರಿಯಾಗಿದೆ. ನಾಲ್ಕು ಸೆನ್ಸಾರ್ ಬದಲಿಸಲು 48,000 ರೂಪಾಯಿ ಕೇಳಿದರು. ಪರಿಚಯದ ಹುಡುಗನೊಬ್ಬ ಲ್ಯಾಪ್‌ಟಾಪ್ ಹಾಕಿ ಆ ದೀಪವೇ ಬರದ ಹಾಗೆ ಮಾಡುತ್ತೇನೆ, 3,000 ಕೊಡಿ ಅನ್ನುತ್ತಿದ್ದಾನೆ. ವರ್ಷಕ್ಕೆರಡು ಸಲ ಗೆಳೆಯರ ಜೊತೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗುತ್ತೇನೆ. ಅದಕ್ಕೆಂದೇ ಇಟ್ಟಿರುವ ಬೇರೆ ನಾಲ್ಕು ಚಕ್ರಗಳಲ್ಲಿ ಸೆನ್ಸಾರೇ ಇಲ್ಲ. ತೆಗೆಸಿಬಿಡಲೇ?
— ಓದುಗರು, ರಾಜರಾಜೇಶ್ವರಿನಗರ, ಬೆಂಗಳೂರು

ಉತ್ತರ: ಕಂಪನಿಯ ಹೆಸರು ಬರೆದಿದ್ದೀರಿ, ಈ ಅಂಕಣದ ಪದ್ಧತಿಯಂತೆ ಅದನ್ನು ಬಿಟ್ಟಿದ್ದೇನೆ. ಮಿನುಗಿ ನಿಲ್ಲುವ ದೀಪಕ್ಕೂ ಬಂದ ಕೂಡಲೇ ಸುಮ್ಮನೆ ಉರಿಯುವ ದೀಪಕ್ಕೂ ವ್ಯತ್ಯಾಸವಿದೆ. ಸುಮ್ಮನೆ ಉರಿದರೆ ಗಾಳಿ ಕಡಿಮೆ. ಮಿನುಗಿ ನಿಂತರೆ ಗಾಳಿ ನೋಡುವ ವ್ಯವಸ್ಥೆಗೇ ಏನೋ ಆಗಿದೆ. ನಿಮ್ಮದು ಎರಡನೆಯದು. ಚಕ್ರದೊಳಗೆ ವಾಲ್ವಿನ ಬುಡಕ್ಕೆ ಬೆಂಕಿಪೊಟ್ಟಣದಷ್ಟಿರುವ ಒಂದು ಡಬ್ಬಿ ಇರುತ್ತದೆ, ಅದೇ ಸೆನ್ಸಾರ್; ಗಾಳಿ ಅಳೆದು ರೇಡಿಯೋ ಮೂಲಕ ಕಾರಿಗೆ ತಿಳಿಸುತ್ತದೆ. ಅದರೊಳಗಿನ ಬ್ಯಾಟರಿಯನ್ನು ಅಂಟು ಸುರಿದು ಮುಚ್ಚಿರುತ್ತಾರೆ, ತೆಗೆದು ಹಾಕುವಂತಿಲ್ಲ. 5ರಿಂದ 10 ವರ್ಷ ಬರುತ್ತದೆ. ನಿಮ್ಮ ಗಾಡಿಗೆ ಹತ್ತು ದಾಟಿದೆ. ಮಾರಿದವರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಆ ಹುಡುಗ ಹೇಳಿದ್ದು ಸುಳ್ಳಲ್ಲ, ಎಷ್ಟೋ ಗಾಡಿಗಳಲ್ಲಿ ಹಾಗೆ ಮಾಡಬಹುದು. ಮಾಡಿಸಬೇಡಿ ಅನ್ನುವುದಕ್ಕೆ ನನ್ನ ಅಂಗಡಿಯಲ್ಲೇ ಕಂಡದ್ದೊಂದಿದೆ.

ನಾನು ಹಾಸನದ ಬೈಪಾಸಿನಲ್ಲಿ 22 ವರ್ಷ ಟೈರ್ ಅಂಗಡಿ ಇಟ್ಟವನು. ಒಂದು ಭಾನುವಾರ ಮಧ್ಯಾಹ್ನ, ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ಹಳದಿ ಬಣ್ಣದ ಕಾರೊಂದು ಬಂತು. ಬೆಂಗಳೂರಿನಿಂದ ಮಂಗಳೂರಿಗೆ ಹೊರಟವರು, ಗಂಡ ಹೆಂಡತಿ. ‘ಅಣ್ಣ, ಗಾಡಿ ಎಡಕ್ಕೆ ಎಳೀತಿದೆ, ಅಲೈನ್‌ಮೆಂಟ್ ನೋಡಿ’ ಅಂದರು. ನಾಲ್ಕು ಚಕ್ರವೂ ನೆಟ್ಟಗೆ ನಿಂತಿದ್ದವು. ಅಭ್ಯಾಸಬಲದಿಂದ ಎಡ ಮುಂದಿನ ಟೈರಿನ ಪಕ್ಕಕ್ಕೆ ಅಂಗೈ ಇಟ್ಟೆ, ಸಟ್ಟನೆ ತೆಗೆಯಬೇಕಾಯಿತು. ಕಾದ ಕಾವಲಿ. ಗೇಜ್ ಹಾಕಿದರೆ ಗಾಳಿ 14, ಇರಬೇಕಾದದ್ದರ ಅರ್ಧವೂ ಇಲ್ಲ. ಚಕ್ರ ಇಳಿಸಿ ಮಿಷನ್ನಿಗೆ ಕೊಟ್ಟು ಟೈರ್ ಬಿಡಿಸಿದಾಗ ಒಳಗಿನಿಂದ ಎರಡು ಹಿಡಿಯಷ್ಟು ಕಪ್ಪು ಪುಡಿ ಸುರಿಯಿತು. ನಮ್ಮ ಕಡೆಯವರಿಗೆ ಕಾಫಿಪುಡಿ ಅಂದರೆ ಥಟ್ಟನೆ ಅರ್ಥವಾದೀತು, ಅಷ್ಟು ನುಣ್ಣಗೆ. ಗಾಳಿ ಇಲ್ಲದ ಟೈರನ್ನು ಓಡಿಸಿದಾಗ ಒಳಗೋಡೆ ತನ್ನನ್ನು ತಾನೇ ಅರೆದುಕೊಂಡ ಪುಡಿ ಅದು. ಕಾರಣ, ಮಧ್ಯದ ಪಟ್ಟಿಯಲ್ಲಿ ಒಂದು ಸಣ್ಣ ಮೊಳೆ. ಐವತ್ತು ನೂರು ರೂಪಾಯಿ ಪಂಕ್ಚರ್‌ನಲ್ಲಿ ಮುಗಿಯಬೇಕಾದದ್ದು. ಟೈರ್ ಗುಜರಿಗೆ ಹೋಯಿತು.

‘ದೀಪ ಬರಲಿಲ್ಲವಲ್ಲ’ ಅಂದರು ಆತ. ಹೆಂಡತಿ ಅವರ ಮುಖ ನೋಡಿದರು. ಎರಡು ತಿಂಗಳ ಹಿಂದೆ ಅದನ್ನು ತೆಗೆಸಿದ್ದು ಆಮೇಲೆ ಗೊತ್ತಾಯಿತು. ಮುಂದೆ ಶಿರಾಡಿ ಘಾಟಿ ಇತ್ತು.

ಅಂಬಾಸಿಡರ್ ಕಾಲದಲ್ಲಿ ಟೈರಿಗೆ ಒಂದು ಒದೆ ಕೊಟ್ಟರೆ ಗಾಳಿ ಎಷ್ಟಿದೆ ಅಂತ ತಿಳಿಯುತ್ತಿತ್ತು. ಸ್ಪೋರ್ಟ್ಸ್ ಕಾರಿನ ಟೈರಿಗೆ ಪಕ್ಕದ ಗೋಡೆ ನಾಲ್ಕು ಬೆರಳಿನಷ್ಟು, ಅದೂ ಗಟ್ಟಿ. ಅರ್ಧ ಗಾಳಿ ಹೋದರೂ ಉಬ್ಬಿ ತೋರಿಸುವುದಿಲ್ಲ. ಕಣ್ಣಿಗೆ ಕಾಣದ್ದಕ್ಕೇ ದೀಪ ಇಟ್ಟದ್ದು. ಮಾಮೂಲಿ ಕಾರುಗಳಲ್ಲಿ ಮೊದಲು ಈ ವ್ಯವಸ್ಥೆ ಬಂದದ್ದೂ ಇಂಥದೇ ಗಾಡಿಯಲ್ಲಿ, 1986ರ ಪೋರ್ಷೆ 959ರಲ್ಲಿ. ಗಂಟೆಗೆ 300 ಕಿ.ಮೀ. ದಾಟುವ ಕಾರು. ಅದನ್ನು ‘ಮಾಮೂಲಿ’ ಅಂದದ್ದಕ್ಕೆ ಕ್ಷಮಿಸಿ, ರಸ್ತೆಗೆ ಬಿಟ್ಟದ್ದು ಅಂತಿಟ್ಟುಕೊಳ್ಳಿ.

ಇನ್ನೊಂದು. ನಿಮ್ಮ ಗಾಡಿಯಲ್ಲಿ ಸ್ಟೆಪ್ನಿ ಇದೆಯೇ ನೋಡಿ. ಇರಲಿಕ್ಕಿಲ್ಲ, ಒಂದು ಬಾಟಲಿ ಅಂಟು ಮತ್ತು ಸಣ್ಣ ಪಂಪ್ ಇರುತ್ತದೆ. 2020ರಲ್ಲಿ ನಮ್ಮ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ಬಂದ ತಿದ್ದುಪಡಿಯೂ ಇದೇ ಲೆಕ್ಕದ್ದು. 3.5 ಟನ್ನಿನೊಳಗಿನ ಕಾರಿಗೆ ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ಟು, ಗಾಳಿ ನೋಡುವ ಸೆನ್ಸಾರು ಮೂರೂ ಇದ್ದರೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ ಅಂದರು. ಸ್ಟೆಪ್ನಿಯ ಜಾಗದಲ್ಲಿ ಕೂತದ್ದು ಈ ದೀಪ. ಎರಡೂ ಇಲ್ಲದ ಗಾಡಿಯಲ್ಲಿ ರಾತ್ರಿ ಹೊತ್ತು ಯಾರೂ ಹೊರಡಬಾರದು.

ಈಗ ಖರ್ಚಿನ ಮಾತು. 48,000 ಕೊಡಲೇಬೇಕೆಂದಿಲ್ಲ. ಹೊರಗಿನ ಕಂಪನಿಗಳ ಪ್ರೋಗ್ರಾಂ ಮಾಡುವ ಸೆನ್ಸಾರ್ ಸಿಗುತ್ತವೆ. ಒಳ್ಳೆಯ ಟೈರ್ ಅಂಗಡಿಯವರು ನಿಮ್ಮ ಹಳೆಯದರ ಗುರುತಿನ ನಂಬರನ್ನು ಹೊಸದಕ್ಕೆ ನಕಲು ಮಾಡಿ ಕೊಡುತ್ತಾರೆ. ಪೂರ್ತಿ ಸತ್ತ ಸೆನ್ಸಾರಿನಿಂದ ಅದರ ನಂಬರನ್ನು ರೇಡಿಯೋ ಮೂಲಕ ಓದಲಾಗುವುದಿಲ್ಲ, ಬಿಚ್ಚಿ ಮೇಲೆ ಅಚ್ಚಾದದ್ದನ್ನು ಓದಬೇಕು; ಇಲ್ಲವೇ ಸ್ಕ್ಯಾನರ್ ಹಾಕಿ ಕಾರಿಗೇ ಹೊಸ ನಂಬರ್ ಕಲಿಸಬೇಕು. ಟ್ರ್ಯಾಕಿನ ಚಕ್ರಗಳಿಗೂ ಅದೇ ನಂಬರಿನ ಇನ್ನೊಂದು ಜೊತೆ ಹಾಕಿಸಿದರೆ, ಚಕ್ರ ಬದಲಾದದ್ದೇ ಕಾರಿಗೆ ಗೊತ್ತಾಗುವುದಿಲ್ಲ. ಒಂದೇ ಎಚ್ಚರಿಕೆ, ಆ ಇನ್ನೊಂದು ಜೊತೆ ಚಕ್ರಗಳನ್ನು ಕಾರಿನ ಹತ್ತಿರ ಇಟ್ಟರೆ ಎರಡೂ ಒಟ್ಟಿಗೆ ಮಾತಾಡಿ ಕಾರಿಗೆ ಗೊಂದಲ.

ಅಮೆರಿಕದಿಂದ ಭಾವಮೈದ ಬರುತ್ತಿದ್ದಾನೆ, ಅಲ್ಲಿಂದಲೇ ತರಿಸುತ್ತೇನೆ ಅನ್ನುವವರಿದ್ದಾರೆ. ಅಲ್ಲಿ ಅನೇಕ ಸೆನ್ಸಾರ್ 315 ಮೆಗಾಹರ್ಟ್ಸ್, ಯುರೋಪಿನ ಗಾಡಿಗಳಲ್ಲಿ 433. ಹಾಸನ ಆಕಾಶವಾಣಿ ಹಿಡಿಯುವ ರೇಡಿಯೋ ಟ್ಯೂನ್ ಬದಲಿಸದೆ ಬೇರೆ ನಿಲಯ ಹಾಡಿಸುತ್ತದೆಯೇ? ಹಾಗೇ ಇದು. ನೋಡಿ ತರಿಸಿ.

ಹಾಕುವವರಿಗೆ ಎರಡು ಮಾತು ಹೇಳಿ. ಟೈರ್ ಬಿಡಿಸುವ ಮಿಷನ್ನಿನ ಸಲಿಕೆ ವಾಲ್ವಿನ ಹತ್ತಿರ ಬೀಳಬಾರದು, ಬಿದ್ದರೆ ಡಬ್ಬಿ ಚೂರು. ಎರಡನೆಯದು, ಈ ಸೆನ್ಸಾರಿನ ವಾಲ್ವ್ ಅಲ್ಯೂಮಿನಿಯಂದಾಗಿದ್ದರೆ ಒಳಗಿನ ವಾಲ್ವ್ ಪಿನ್ ನಿಕಲ್ ಲೇಪದ್ದೇ ಆಗಬೇಕು. ನಮ್ಮ ಅಂಗಡಿಗಳ ಡಬ್ಬದಲ್ಲಿ ಬಿದ್ದಿರುವ ಹಿತ್ತಾಳೆ ಪಿನ್ನು ತಿರುಗಿಸಿದರೆ ಒಂದೆರಡು ಮಳೆಗಾಲದಲ್ಲಿ ಎರಡು ಲೋಹವೂ ಕಚ್ಚಿಕೊಂಡು ಕಲ್ಲಾಗುತ್ತವೆ. ಮೊದಮೊದಲು ನಾನೂ ಹಾಕಿದ್ದೆ. ಮರುವರ್ಷ ಪಿನ್ ಬಿಚ್ಚಲು ಹೋದರೆ ವಾಲ್ವೇ ಮುರಿದು ಕೈಗೆ ಬಂತು. ಗಿರಾಕಿಗೆ ಹೊಸದು ನನ್ನ ಜೇಬಿನಿಂದ.

ಟ್ರ್ಯಾಕಿನಲ್ಲಿ ದೀಪದ ಕಾಟ ನಿಜ, ಒಪ್ಪುತ್ತೇನೆ. ಅಲ್ಲಿ ಬೇಕೆಂದೇ ಗಾಳಿ ಇಳಿಸಿ ಇಳಿಯುತ್ತೀರಿ. ತಣ್ಣಗಿದ್ದಾಗ 27 ಪಿಎಸ್‌ಐ ಇಟ್ಟದ್ದು ನಾಲ್ಕೈದು ಸುತ್ತು ಹೊಡೆಯುವಷ್ಟರಲ್ಲಿ ಕಾದು 33ಕ್ಕೆ ಹೋಗುತ್ತದೆ. (ಪಿಎಸ್‌ಐ ಅಂದರೆ ಠಾಣೆಯಲ್ಲಿ ಕೂತವರಲ್ಲ, ಗಾಳಿಯ ಅಳತೆ. ಹೋದ ಸಲ ಒಬ್ಬರು ಗಂಭೀರವಾಗಿಯೇ ಕೇಳಿದ್ದರು.) ಮೊದಲ ಸುತ್ತಿನಲ್ಲಿ ದೀಪ ಬಂದರೆ ಬರಲಿ. ಕೆಲವು ಗಾಡಿಗಳ ಮೆನುವಿನಲ್ಲಿ ಟ್ರ್ಯಾಕಿಗೆಂದೇ ಬೇರೆ ಆಯ್ಕೆ ಇರುತ್ತದೆ, ನಿಮ್ಮ ಪುಸ್ತಕ ತೆಗೆದು ನೋಡಿ. ಸಂಜೆ ವಾಪಸ್ ಹೊರಡುವ ಮುಂಚೆ ರಸ್ತೆಯ ಅಳತೆಗೆ ಗಾಳಿ ತುಂಬಿಸಿ. ಟ್ರ್ಯಾಕಿನಲ್ಲಿ ಮಾತ್ರ ಓಡುವ, ಲಾರಿಯ ಮೇಲೆ ಬಂದು ಲಾರಿಯ ಮೇಲೆ ಹೋಗುವ ಗಾಡಿಯಾಗಿದ್ದರೆ ದೀಪ ತೆಗೆಸಿ ಅಂತ ನಾನೇ ಹೇಳುತ್ತಿದ್ದೆ. ಅಲ್ಲಿ ಪ್ರತಿ ಸಲ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದ ರಿಪೇರಿ ಜಾಗಕ್ಕೆ, ಬಂದಾಗಲೂ ಕೈಯಲ್ಲಿ ಗೇಜ್ ಹಿಡಿದವನೊಬ್ಬ ಇರುತ್ತಾನೆ.

ಪ್ರಶ್ನೆ: ನಾನಿರುವುದು ಮಿಷಿಗನ್‌ನಲ್ಲಿ. ನನ್ನ ಸ್ಪೋರ್ಟ್ಸ್ ಕಾರಿಗೆ ಚಳಿಗಾಲಕ್ಕೆ ಬೇರೆ ರಿಮ್, ಬೇರೆ ಟೈರ್ ಕೊಂಡೆ. ಸೆನ್ಸಾರ್ ಇಲ್ಲದ ಚಕ್ರ ಹಾಕುವುದಿಲ್ಲ ಅಂತ ಟೈರ್ ಅಂಗಡಿಯವನು ಹಟ ಹಿಡಿದ. ಗಾಡಿ ನನ್ನದು, ಅವನಿಗೇನು ಕಷ್ಟ?
— ಓದುಗರು, ಮಿಷಿಗನ್, ಅಮೆರಿಕ

ಉತ್ತರ: ಅವನಿಗೇ ಕಷ್ಟ. ಟೈರಿನ ಮೇಲ್ಪದರ ಕಿತ್ತುಬಂದು ಗಾಡಿಗಳು ಮಗುಚಿ ಜನ ಸತ್ತ ಮೇಲೆ 2000ದಲ್ಲಿ ನಿಮ್ಮಲ್ಲಿ ಟ್ರೆಡ್ ಕಾಯ್ದೆ ಬಂತು. ಅದರ ಫಲವಾಗಿ 2007ರ ಸೆಪ್ಟೆಂಬರ್ 1ರಿಂದ ತಯಾರಾದ ಎಲ್ಲ ಹೊಸ ಕಾರಿಗೂ ಈ ದೀಪ ಕಡ್ಡಾಯ. ಕಾನೂನಿನಿಂದ ಬಂದ ಸುರಕ್ಷತಾ ವ್ಯವಸ್ಥೆಯನ್ನು ಕಾರು ತಯಾರಕ, ಡೀಲರ್, ರಿಪೇರಿ ಅಂಗಡಿಯವರು ಗೊತ್ತಿದ್ದೂ ಕೆಲಸ ಮಾಡದಂತೆ ಮಾಡಬಾರದು ಅಂತ ಅಲ್ಲಿನ ಫೆಡರಲ್ ಕಾನೂನಿದೆ. ಆ ಪಟ್ಟಿಯಲ್ಲಿ ಮಾಲೀಕ ಇಲ್ಲ. ನೀವೇ ಮನೆಯ ಮುಂದೆ ಜಾಕ್ ಕೊಟ್ಟು ಹಾಕಿಕೊಂಡರೆ ಆ ಕಾನೂನು ನಿಮ್ಮನ್ನು ಹಿಡಿಯುವುದಿಲ್ಲ.

ಹಿಡಿಯುವುದು ಚಳಿ. 5-6 ಡಿಗ್ರಿ ಇಳಿದರೆ ಗಾಳಿ ಒಂದು ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿಯ ಗ್ಯಾರೇಜಿನಲ್ಲಿ 33 ತುಂಬಿಸಿ ಮೈನಸ್ 10ರ ರಸ್ತೆಗೆ ಬಂದರೆ 28. ನಿಮ್ಮ ಕಾನೂನಿನ ದೀಪ ಬಾಗಿಲಿನ ಸ್ಟಿಕ್ಕರಿನ ಅಳತೆಗಿಂತ 25 ಶೇಕಡಾ ಕಡಿಮೆಯಾದರೆ ಹತ್ತಬೇಕು, 33ಕ್ಕೆ ಅಂದರೆ ಹೆಚ್ಚುಕಡಿಮೆ 25. ಹಿಮದ ದಿನ ಆ 28ರಿಂದ 25ಕ್ಕೆ ಇಳಿಯಲು ದೊಡ್ಡ ಪಂಕ್ಚರ್ ಬೇಕಿಲ್ಲ. ಚಳಿಗಾಲದ ಚಕ್ರಕ್ಕೇ ಸೆನ್ಸಾರ್ ಹೆಚ್ಚು ಬೇಕು ಅಂತ ನನಗನ್ನಿಸುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ನಕಲು ನಂಬರಿನ ಸೆನ್ಸಾರ್ ನಿಮ್ಮಲ್ಲಿ ಸುಲಭವಾಗಿ ಸಿಗುತ್ತದೆ.

ಪ್ರಶ್ನೆ: ನಾಲ್ಕೂ ಸೆನ್ಸಾರನ್ನು ಪಿವಿಸಿ ಪೈಪಿನಲ್ಲಿ ಹಾಕಿ, ಎರಡೂ ಕಡೆ ಮುಚ್ಚಿ, 33ರಷ್ಟು ಗಾಳಿ ತುಂಬಿ ಡಿಕ್ಕಿಯಲ್ಲಿಟ್ಟರೆ ದೀಪ ಬರುವುದಿಲ್ಲ ಅಂತ ವಿಡಿಯೋದಲ್ಲಿ ನೋಡಿದೆ. ಆಗುತ್ತದೆಯೇ? ಅಥವಾ ಫ್ಯೂಸ್ ಕಿತ್ತರೆ ಸಾಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಹಾಜರಿ ಕರೆಯುವಾಗ ಗೆಳೆಯನ ಹೆಸರಿಗೆ ‘ಪ್ರೆಸೆಂಟ್ ಸಾರ್’ ಅಂದ ಹಾಗೆ. ಕೆಲವು ಗಾಡಿಗಳಲ್ಲಿ ಆಗುತ್ತದೆ. ಬಹಳಷ್ಟು ಸೆನ್ಸಾರ್ ಚಕ್ರ ತಿರುಗುವುದು ನಿಂತರೆ ಬ್ಯಾಟರಿ ಉಳಿಸಲು ಮಲಗಿಬಿಡುತ್ತವೆ, ಡಿಕ್ಕಿಯಲ್ಲಿ ಸುಮ್ಮನೆ ಬಿದ್ದಿದ್ದರೆ ಮಾತೇ ಆಡುವುದಿಲ್ಲ. ಅದಕ್ಕಿಂತ, ನೀರಿನ ಪಿವಿಸಿ ಪೈಪಿಗೆ ಗಾಳಿ ಒತ್ತಿ ತುಂಬಬೇಡಿ. ನೀರು ತುಂಬಿದ ಪೈಪ್ ಸೀಳಿದರೆ ಸೋರುತ್ತದೆ, ಗಾಳಿ ತುಂಬಿದ್ದು ಚೂರುಚೂರಾಗಿ ಸಿಡಿಯುತ್ತದೆ. ಏಪ್ರಿಲ್ ಬಿಸಿಲಿಗೆ ಹುಬ್ಬಳ್ಳಿಯಲ್ಲಿ ನಿಂತ ಗಾಡಿಯ ಡಿಕ್ಕಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕೆ.

ಫ್ಯೂಸಿನ ವಿಷಯ. ಅನೇಕ ಗಾಡಿಗಳಲ್ಲಿ ಸೆನ್ಸಾರಿನ ಮಾತು ಕೇಳುವ ಪೆಟ್ಟಿಗೆಯೇ ಕೀಲಿಯ ರಿಮೋಟನ್ನೂ ಕೇಳುತ್ತದೆ. ಫ್ಯೂಸ್ ಕಿತ್ತರೆ ಬಾಗಿಲು ತೆರೆಯಲಿಕ್ಕಿಲ್ಲ. ಚಕ್ರದೊಳಗೆ ಸೆನ್ಸಾರೇ ಇಲ್ಲದೆ ಎಬಿಎಸ್‌ನ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡುವ ವ್ಯವಸ್ಥೆ) ಲೆಕ್ಕದಿಂದ, ಯಾವ ಚಕ್ರ ಬೇಗ ತಿರುಗುತ್ತಿದೆ ಅಂತ ನೋಡಿ, ಗಾಳಿ ಅಂದಾಜು ಮಾಡುವ ಗಾಡಿಗಳೂ ಇವೆ. ಅದರಲ್ಲಿ ಕಿತ್ತರೆ ಎಬಿಎಸ್ಸೇ ಹೋಯಿತು.

ಅಂದ ಹಾಗೆ, ಹುಬ್ಬಳ್ಳಿಯವರು ಪತ್ರದ ಕೊನೆಗೆ ‘ಮುಂಜಾನೆ ದೀಪ ಬರತೈತಿ, ಮಧ್ಯಾಹ್ನ ಹೋಗತೈತಿ’ ಅಂತ ಬರೆದಿದ್ದಾರೆ. ಓಡಿಸಿಕೊಂಡು ಹೋಗಿ, ಬಿಸಿ ಟೈರಿಗೆ ಬಂಕಿನಲ್ಲಿ ಗಾಳಿ ಅಳೆಸಿ 33 ಅಂತ ತೃಪ್ತಿಪಟ್ಟು ಬಂದಿರುತ್ತೀರಿ. ಬೆಳಿಗ್ಗೆ ತಣ್ಣಗಾದಾಗ ಅದು 33 ಇರುವುದಿಲ್ಲ. ನಾಳೆ ಕಾಫಿ, ಚಹಾ ಏನಾದರೂ ಕುಡಿಯುವ ಮುಂಚೆ, ಗಾಡಿ ಅಲುಗಿಸದೆ, ಮನೆಯಲ್ಲೇ ಸಣ್ಣ ಪಂಪಿನಿಂದ ತುಂಬಿ ನೋಡಿ. ದೀಪ ಹೋದರೆ ಒಂದು ಕಾರ್ಡ್ ಹಾಕಿ.